ರೈಲು ಹೋಗಲಿ, ಆಮೇಲೆ ಹೇಳ್ತೀನಿ

ಮೊದಲು ಫ್ಯಾನ್ ಆರಿಸಬೇಕು. ಆಮೇಲೆ ಕಿಟಕಿ ಮುಚ್ಚಬೇಕು. ಆಮೇಲೆ ಮೂಲೆಯಲ್ಲಿ ಗುಂಯ್‌ಗುಡುವ ಹಳೇ ಫ್ರಿಜ್ಜಿನ ಪ್ಲಗ್ ಕೀಳಬೇಕು. ಚಾಮರಾಜಪುರಂನ ಈ ವಠಾರದ ಕೊನೇ ಮನೆಯಲ್ಲಿ ಇಷ್ಟೆಲ್ಲ ನಿಂತ ಮೇಲೂ ಸದ್ದು ಉಳಿದೇ ಇರುತ್ತದೆ. ಪಕ್ಕದ ಮನೆಯ ಕುಕ್ಕರು, ಹಿತ್ತಲ ನಲ್ಲಿಯಿಂದ ಪ್ಲಾಸ್ಟಿಕ್ ಬಕೆಟ್ಟಿಗೆ ಬೀಳುವ ಹನಿ, ಬೀದಿಯಲ್ಲಿ ಸೊಪ್ಪಿನವಳ ಕೂಗು. ರೆಕಾರ್ಡರ್ ಅಲುಗಬಾರದೆಂದು ಸ್ಟೂಲಿನ ಮೇಲೆ ಮಡಿಸಿದ ಟವೆಲ್ ಹಾಸಿದ್ದೇನೆ. ಸೆಕೆ. ಹಣೆಯ ಬೆವರು ಕಣ್ಣಿಗಿಳಿಯುತ್ತಿದೆ. ಎದುರಿನ ಚಾಪೆಯ ಮೇಲೆ ಗೋಡೆಗೊರಗಿ ಕೂತವರಿಗೆ ಅರವತ್ತು ದಾಟಿದೆ. ನೀರಿ ಬಿಗಿಯಾಗಿ ಕಟ್ಟಿದ ಕಾಟನ್ ಸೀರೆ, ಎರಡು ಕೈಗೂ ಹಸಿರು ಗಾಜಿನ ಬಳೆ. ತಲೆಯ ಮೇಲೆ ಗೋಡೆಯಲ್ಲಿ ನಂಜುಂಡೇಶ್ವರ, ಚಾಮುಂಡಿ. ಅವರಿಬ್ಬರ ನಡುವೆ ಕೋಳಿಯ ಮೇಲೆ ಕೂತ ಬಹುಚರಾ ಮಾತೆ.

ಕೆಂಪು ದೀಪ ಹತ್ತುತ್ತದೆ. ನಾನು ದಿನಾಂಕ ಹೇಳಿ, ಊರು ಹೇಳಿ, ಬಾಯಿ ತೆರೆಯುತ್ತೇನೆ. ಅವರು ಕೈ ಎತ್ತುತ್ತಾರೆ.

“ಏನ್ ಕೇಳೀಯೆ ನೀನು? ಯಾವಾಗ ಗೊತ್ತಾಯ್ತು, ಯಾವಾಗ ಮನೆ ಬುಟ್ಟೆ, ಪೋಲೀಸ್ನೋರು ಹೊಡುದ್ರಾ, ಆಪರೇಸನ್ ಆಗದಾ. ಇವೇ ನಾಕು ತಾನೇ? ಈ ನಾಕ್ನೂ ಬುಟ್ಟು ಬ್ಯಾರೆ ಕೇಳವ್ವ.”

ಮಡಿಲಲ್ಲಿದ್ದ ನೋಟ್‌ಬುಕ್ಕನ್ನು ಮುಚ್ಚಿಬಿಟ್ಟೆ. ಅದರ ಮೊದಲ ಪುಟದಲ್ಲಿದ್ದದ್ದು ಆ ನಾಲ್ಕೇ ಪ್ರಶ್ನೆ, ಇನ್ನಷ್ಟು ನಯವಾದ ಮಾತಿನಲ್ಲಿ. ಆ ಮಧ್ಯಾಹ್ನ ನನಗೆ ಬೇರೆ ಪ್ರಶ್ನೆಯೇ ಹೊಳೆಯಲಿಲ್ಲ. ಒಳಗಿಂದ ಚಹಾ ತಂದ ಕಿರಿಯವಳು ಲೋಟ ಇಟ್ಟು ಗುರುವಿನ ಪಕ್ಕ ಕೂತಳು. ಚೇಲಾ ಎನ್ನಬೇಕು, ಇವರು ಮಗಳು ಎನ್ನುತ್ತಾರೆ. ಅವಳೇ ಕೇಳಿದಳು: “ಅಮ್ಮ, ನೀನು ಮೊದ್ಲು ಹಾಡಿದ್ದು ಯಾವ ಹಾಡು?”

ಅಲ್ಲಿಂದ ಶುರುವಾಯಿತು.

ಅವರ ಹೆಸರು ಇಲ್ಲಿ ಬರುವುದಿಲ್ಲ, ಬೀದಿಯ ಗುರುತೂ ಬರುವುದಿಲ್ಲ. ಅದು ಮೊದಲ ದಿನವೇ ನಮ್ಮ ನಡುವೆ ಆದ ಮಾತು. ಊರು ನಂಜನಗೂಡಿನ ಆಚೆಗೆ ಎಂದಷ್ಟು ಹೇಳಬಹುದು. ಹೇಳದಿದ್ದರೂ ಅವರ ಮಾತೇ ಹೇಳಿಬಿಡುತ್ತದೆ.

“ಕುರುಕ್ಷೇತ್ರ ಕಟ್ಟಿದ್ರು ನಮ್ಮೂರಲ್ಲಿ. ಮಾರಿ ಹಬ್ಬಕ್ಕೆ. ಹಾರ್ಮೋನಿ ಮೇಷ್ಟ್ರು ಬಂದು ಮೂರು ತಿಂಗ ಊರಲ್ಲೇ ಇದ್ರು. ಭೀಮ್ನ ಪಾರ್ಟು ಪಟೇಲ್ರ ಮಗನ್ಗೆ. ದುರ್ಯೋಧನ ರೈಸ್ ಮಿಲ್ನೋನು. ಹೆಣ್ಣಿನ ಪಾರ್ಟು ಯಾರೂ ತಗಳ್ನಿಲ್ಲ. ಮೇಷ್ಟ್ರು ನನ್ನ ಮಕ ನೋಡುದ್ರು. ಇವ್ನ ಗಂಟ್ಲು ಇನ್ನೂ ಒಡ್ದಿಲ್ಲ, ಇವ್ನೇ ಉತ್ತರೆ ಅಂದ್ರು.”

ಮೈಸೂರು, ಮಂಡ್ಯ ಸೀಮೆಯಲ್ಲಿ ಬೆಳೆದವರಿಗೆ ಈ ನಾಟಕದ ರಾತ್ರಿಗಳನ್ನು ವರ್ಣಿಸಿ ಹೇಳಬೇಕಿಲ್ಲ. ಬಾಡಿಗೆಯ ಸೀನರಿ ಲಾರಿಯಲ್ಲಿ ಬರುತ್ತದೆ. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ. ರಾತ್ರಿ ಶುರುವಾದದ್ದು ಮುಗಿಯುವಾಗ ಕೋಳಿ ಕೂಗಿರುತ್ತದೆ. ಈಗ ಹೆಣ್ಣು ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಾರೆ. ಆಗ ಊರಿನ ಹುಡುಗರೇ ಸೀರೆ ಉಡುತ್ತಿದ್ದರು, ಮಾರನೇ ದಿನ ಉಳುಮೆಗೆ ಹೋಗುತ್ತಿದ್ದರು, ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಊರು ಒಬ್ಬ ಹುಡುಗನಿಗೆ ಹೆಣ್ಣಾಗಲು ಒಂದು ರಾತ್ರಿಯ ರಜಾ ಚೀಟಿ ಬರೆದುಕೊಡುತ್ತಿತ್ತು. ಬೆಳಗಾದ ಮೇಲೆ ಅದನ್ನು ಹಿಂದಿರುಗಿಸಬೇಕು ಅಷ್ಟೆ.

“ಎಲ್ರೂ ಕೊಬ್ರಿ ಎಣ್ಣೆ ಹಚ್ಚಿ ಬಣ್ಣ ಒರೆಸ್ಕಂಡ್ರು. ನಾನು ಒರೆಸ್ಕಳ್ನಿಲ್ಲ. ಮೇಷ್ಟ್ರು ಬಂದು...”

ತಟ್ಟನೆ ನಿಲ್ಲಿಸಿದರು. ನೆಲದಲ್ಲೊಂದು ಸಣ್ಣ ನಡುಕ. ಚಾಪೆಯ ಮೂಲಕ ಅದು ಮೈಗೆ ಹತ್ತುತ್ತದೆ, ಕಿವಿಗೆ ಬರುವ ಮೊದಲೇ. ಆಮೇಲೆ ಹಾರ್ನ್, ಆಮೇಲೆ ಹಳಿಯ ತಾಳ. ಲೋಟದ ಚಹಾದಲ್ಲಿ ಉಂಗುರಗಳೇಳುತ್ತವೆ. “ರೈಲು ಹೋಗಲಿ, ಆಮೇಲೆ ಹೇಳ್ತೀನಿ.”

ಇದು ಚಾಮರಾಜನಗರದ ಹಳಿ. ಮೈಸೂರು ಜಂಕ್ಷನ್ ಬಿಟ್ಟರೆ ಚಾಮರಾಜಪುರಂ, ಅಶೋಕಪುರಂ, ಕಡಕೊಳ, ನಂಜನಗೂಡು. ಜೆ.ಎಲ್.ಬಿ. ರಸ್ತೆಯ ಮಗ್ಗುಲಿನ ಈ ಪುಟ್ಟ ಸ್ಟೇಷನ್ನಿನಲ್ಲಿ ಇಳಿಯುವವರು ಈಗಲೂ ಕಮ್ಮಿ. ಕಾಲೇಜು ಹುಡುಗರು, ಕೋರ್ಟು ಕಚೇರಿಗೆ ಬರುವವರು, ಹೂವಿನ ಕುಕ್ಕೆಯ ಹೆಂಗಸರು. ನನ್ನ ಕೈ ರೆಕಾರ್ಡರ್ ಕಡೆ ಹೋಯಿತು, ಸದ್ದು ಸಾಯುವವರೆಗೆ ನಿಲ್ಲಿಸೋಣ ಎಂದು. ಅವರು ನನ್ನ ಮಣಿಕಟ್ಟು ಹಿಡಿದರು.

“ಅದ್ನ ಯಾಕ್ ಆರಿಸೀಯೆ? ಆ ರೈಲ್ನಲ್ಲೇ ಕನವ್ವ ನಾ ಬಂದಿದ್ದು. ಆಗ ಸಣ್ ಗೇಜು, ಹೊಗೆ ಗಾಡಿ. ದೊಡ್ ಟೇಸನ್ಗೆ ಓದ್ರೆ ನಮ್ಮೂರೋರು ಯಾರಾರ ಸಿಕ್ಕಾರು ಅಂತ ಇಲ್ಲೇ ಇಳ್ದೆ. ಅದೂ ಇರ್ಲಿ ಅದ್ರಲ್ಲಿ.”

ಆ ದಿನದಿಂದ ನಮ್ಮ ಧ್ವನಿಮುದ್ರಣದಲ್ಲಿ ರೈಲುಗಳಿವೆ. ಹನ್ನೊಂದು ಮಧ್ಯಾಹ್ನಗಳ ಮಾತಿನಲ್ಲಿ ಎಷ್ಟೋ ಸಲ ಮಾತು ನಿಲ್ಲುತ್ತದೆ, ರೈಲು ಹಾಯುತ್ತದೆ, ಮಾತು ಮತ್ತೆ ಹೊರಡುತ್ತದೆ. ಹೊರಡುವಾಗ ನಿಂತಲ್ಲಿಂದಲೇ ಹೊರಡುವುದಿಲ್ಲ, ಅದು ಗಮನಿಸಬೇಕಾದದ್ದು. ಆ ಅರ್ಧ ನಿಮಿಷದಲ್ಲಿ ಅವರು ಬೇರೆಲ್ಲಿಗೋ ಹೋಗಿ ಬಂದಿರುತ್ತಾರೆ. ಬರೆದುಕೊಂಡಿದ್ದರೆ ನಾನು ಅಲ್ಲಿ ಮೂರು ಚುಕ್ಕಿ ಹಾಕುತ್ತಿದ್ದೆ. ದನಿ ಕೂಡಿಟ್ಟಿದ್ದರಿಂದ ಆ ಅರ್ಧ ನಿಮಿಷ ಪೂರ್ತಿ ಇದೆ: ಬಳೆ ಸರಿಸಿದ ಸದ್ದು, ಮೂಗಿನ ಉಸಿರು, ಮಗಳಿಗೆ ಮೆಲ್ಲಗೆ ಅಂದ “ಸಕ್ಕರೆ ಜಾಸ್ತಿ ಆಗದ.”

ದನಿಗೆ ಬೆಲೆ ಕೊಡುವುದನ್ನು ಮೈಸೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸ್ಟೇಷನ್ನಿನಿಂದ ನಡೆದರೆ ಸಿಗುವ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟ್‌ನ ಪ್ರಸಾರಯಂತ್ರ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಮೊದಲು ಅಂಟಿದ್ದು ಆ ಮನೆಗೆ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದ ಪೀಳಿಗೆಯ ವಿದ್ವಾಂಸರು ಇದೇ ಹಳಿಯ ಆಚೆಗಿನ ಊರುಗಳಿಗೆ ಹೋಗಿ, ಕಂಸಾಳೆಯ ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯವನ್ನೂ ತಂಬೂರಿಯ ನೀಲಗಾರರು ಹಾಡುವ ಮಂಟೇಸ್ವಾಮಿಯನ್ನೂ ಬಾಯಿಂದ ಕಾಗದಕ್ಕೆ ಇಳಿಸಿಕೊಂಡರು. ಓದು ಬರಹ ಬಾರದ ಹಾಡುಗಾರನ ಮುಂದೆ ಪ್ರೊಫೆಸರು ಚಕ್ಕಳಮಕ್ಕಳ ಹಾಕಿ ಕೂತದ್ದು ಕನ್ನಡದ ದೊಡ್ಡ ಘಟನೆ. ಆ ವಿನಯವನ್ನು ಈ ವಠಾರದ ತನಕ ತರಬೇಕು ಎಂಬುದಷ್ಟೇ ನನ್ನ ಆಸೆ.

ಏಕೆಂದರೆ ಇವರನ್ನು ಬರೆದಿಟ್ಟುಕೊಂಡವರು ಈ ದೇಶದಲ್ಲಿ ಮೊದಲಿಂದಲೂ ಬೇರೆಯವರೇ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗ ಉತ್ತರದ ಪ್ರಾಂತಗಳಲ್ಲಿ ಹಿಜಡಾಗಳ ಹೆಸರು, ವಾಸಸ್ಥಳಗಳ ರಿಜಿಸ್ಟರ್ ಇಡಲು ಹೇಳಿತು. ಆ ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಸಾರ್ವಜನಿಕವಾಗಿ ಕುಣಿದರೆ, ವಾದ್ಯ ನುಡಿಸಿದರೆ ಬಂಧನ, ಎರಡು ವರ್ಷದವರೆಗೆ ಸೆರೆವಾಸ. ಕುಣಿತವೇ ಅಪರಾಧ! ಅದೆಲ್ಲ ಬ್ರಿಟಿಷರ ಕಾಲಕ್ಕೆ ಮುಗಿಯಿತು ಎನ್ನಬೇಡಿ. ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಮನ್ನು ಸೇರಿಸಿದರು. ಅಲ್ಲೂ ಅದೇ ರಿಜಿಸ್ಟರ್, ಅದೇ ಹೆಸರು ವಿಳಾಸದ ಪಟ್ಟಿ. ಸಮುದಾಯದವರು ಅದರ ವಿರುದ್ಧ ಹೈಕೋರ್ಟಿನ ತನಕ ಹೋಗಬೇಕಾಯಿತು. ದಾಖಲೆ ಎಂಬ ಮಾತು ಕೇಳಿದರೇ ಇವರಿಗೆ ಮೊದಲು ನೆನಪಾಗುವುದು ಸ್ಟೇಷನ್ ಬರಹಗಾರನ ಪೆನ್ನು. ನಾನು ರೆಕಾರ್ಡರ್ ಹಿಡಿದು ಬಾಗಿಲಲ್ಲಿ ನಿಂತಾಗ ಅವರ ಕಣ್ಣಿನಲ್ಲಿ ಕಂಡದ್ದು ಆ ಪೆನ್ನಿನ ನೆರಳು.

ಎರಡನೇ ವಾರ, ಮಳೆ. ಹೆಂಚಿನ ಮೇಲೆ ಸುರಿಯುವ ಸದ್ದಿಗೆ ರೆಕಾರ್ಡ್ ಮಾಡುವಂತಿಲ್ಲ. ಹುರಿಗಡಲೆ, ಮಂಡಕ್ಕಿ, ಚಹಾ. ಕಿರಿಯವಳು ತನ್ನ ಫೋನಿನಲ್ಲಿ ಒಂದು ವಿಡಿಯೋ ತೆರೆಯುತ್ತಾಳೆ. 2021ರ ನವೆಂಬರ್ 9, ರಾಷ್ಟ್ರಪತಿ ಭವನ. ಕೆಂಪು ಹಾಸಿನ ಮೇಲೆ ಮಂಜಮ್ಮ ಜೋಗತಿ ನಡೆದು ಬರುತ್ತಾರೆ. ಪದ್ಮಶ್ರೀ ಪದಕ ತಗೊಳ್ಳುವ ಮೊದಲು ರಾಷ್ಟ್ರಪತಿಯವರ ಮುಂದೆ ಸೆರಗು ಹಿಡಿದು ದೃಷ್ಟಿ ತೆಗೆಯುತ್ತಾರೆ. ಇಡೀ ಸಭಾಂಗಣ ಒಂದು ಕ್ಷಣ ಬೆರಗಾಗಿ, ಆಮೇಲೆ ಚಪ್ಪಾಳೆ ತಟ್ಟುತ್ತದೆ.

“ನಿಲ್ಸು, ನಿಲ್ಸು. ಇನ್ನೊಂದ್ಸಲ ಹಾಕು.” ಅಮ್ಮ ಎದ್ದು ನಿಲ್ಲುತ್ತಾರೆ. ಮಂಡಿನೋವು ಮರೆತಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ರಾಷ್ಟ್ರಪತಿ ಮಾಡಿಕೊಂಡು ಸೆರಗು ಬೀಸಿ, ಮಡಿಚಿ, ನೆಲಕ್ಕೆ ಮುಟ್ಟಿಸುತ್ತಾರೆ. ಮೂರು ಸಲ. ಮೊದಲ ಸಲ ನಗು ಇತ್ತು. ಮೂರನೆಯ ಸಲ ಯಾರೂ ನಗಲಿಲ್ಲ.

ಬಳ್ಳಾರಿ ಸೀಮೆಯ ಕಲ್ಲುಕಂಬದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ಅವರ ಬಾಯಿಂದ ಕೇಳಿಯೇ ‘ನಡುವೆ ಸುಳಿವ ಹೆಣ್ಣು’ ಎಂದು ನಿರೂಪಿಸಿದ್ದಾರೆ. ಜೇಡರ ದಾಸಿಮಯ್ಯನನ್ನು ಓದಿದವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಪುಸ್ತಕ ಒಳ್ಳೆಯದೇ. ಆದರೆ ಮಂಜಮ್ಮ ಜೋಗತಿ ನೃತ್ಯವನ್ನು ಕಲಿತದ್ದು ಪುಸ್ತಕದಿಂದಲ್ಲ. ಹಿರಿಯ ಜೋಗತಿಯ ಹಿಂದೆ ಊರೂರು ಅಲೆದು, ಚೌಡಿಕೆಯ ಪೆಟ್ಟಿಗೆ ಹೆಜ್ಜೆ ಹಾಕಿ, ಎಲ್ಲಮ್ಮನ ಕಥೆಯನ್ನು ಮೈಗೆ ಹತ್ತಿಸಿಕೊಂಡು. ಒಂದು ಮೈ ಇನ್ನೊಂದು ಮೈಗೆ ದಾಟಿಸುವ ಬಗೆ ಅದು. ಹಾಗೆ ದಾಟಿ ಬಂದ ಕಥೆಯನ್ನು ಯಾವ ಪೊಲೀಸೂ ಜಪ್ತಿ ಮಾಡಲಾರ.

ಜೋಗತಿಯರಿಗೆ ದೇವಿಯ ಆಸರೆಯಾದರೂ ಇದೆ. ಜನ ಕಾಲಿಗೆ ಬೀಳುತ್ತಾರೆ, ಮೊರದಲ್ಲಿ ಅಕ್ಕಿ ಹಾಕುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿ ತಳೆದ, ಸಮುದಾಯದ ಮಾತಿನಲ್ಲಿ ‘ಕೋತಿ’ ಎನಿಸಿಕೊಳ್ಳುವ ಪಟ್ಟಣದವರಿಗೆ, ಹಿಜಡಾಗಳಿಗೆ, ಗಂಡನ್ನು ಮೆಚ್ಚಿದ ಗಂಡಿಗೆ, ಹೆಣ್ಣನ್ನು ಮೆಚ್ಚಿದ ಹೆಣ್ಣಿಗೆ ಅದಿಲ್ಲ. ಅವರ ಮಾತು ಅಚ್ಚಾದದ್ದು ಮೊದಲು ಮಾನವ ಹಕ್ಕಿನ ವರದಿಗಳಲ್ಲಿ. ಪಿ.ಯು.ಸಿ.ಎಲ್. ಕರ್ನಾಟಕ 2001ರಲ್ಲಿ, ಮತ್ತೆ 2003ರಲ್ಲಿ ತಂದ ಎರಡು ವರದಿಗಳ ಜೀವಾಳ ಬೆಂಗಳೂರಿನ ಬೀದಿ, ಪಾರ್ಕು, ಪೊಲೀಸ್ ಸ್ಟೇಷನ್ನುಗಳಲ್ಲಿ ಏಟು ತಿಂದವರ ಸಾಕ್ಷ್ಯ. ಅವು ಬೇಕಿತ್ತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯಮಾಡಿದ ನಾಲ್ಸಾ ತೀರ್ಪು ಕೊಟ್ಟಿತು, 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಿಡಿತ ಸಡಿಲಿಸಿತು. ಅದರ ಹಿಂದೆ ಹೀಗೆ ಬಾಯಿಬಿಟ್ಟ ಸಾವಿರಾರು ಜನರ ಧೈರ್ಯವಿದೆ. ಆದರೆ ಸಾಕ್ಷ್ಯ ಯಾವಾಗಲೂ ಲಾಠಿ ಬೀಸಿದಲ್ಲಿಂದ ಶುರುವಾಗುತ್ತದೆ. ಅದಕ್ಕಿಂತ ಹಿಂದೆ ಉತ್ತರೆಯಿದ್ದಳು, ಹಾರ್ಮೋನಿ ಮೇಷ್ಟ್ರಿದ್ದರು. ಅವರನ್ನು ಕೋರ್ಟು ಕೇಳುವುದಿಲ್ಲ.

ಕೋರ್ಟು ಕೇಳದ್ದನ್ನು ಕೂತು ಕೇಳಬೇಕೆಂದು ನಾನು ಕಲಿತದ್ದು ಲೇಖಕಿ ಎ. ರೇವತಿಯವರಿಂದ. ಅವರು ಬೆಂಗಳೂರಿನ ಸಂಗಮ ಸಂಸ್ಥೆಯಲ್ಲಿ ದುಡಿಯುತ್ತ, ತಮ್ಮ ಕಥೆ ಬರೆಯುವ ಮೊದಲು ತಮ್ಮವರ ಕಥೆಗಳನ್ನು ಕೂತು ಕೇಳಿ ತಮಿಳಿನಲ್ಲಿ ‘ಉಣರ್ವುಂ ಉರುವಮುಂ’ ಎಂಬ ಪುಸ್ತಕ ಮಾಡಿದರು. ಮೊದಲು ಕಿವಿ, ಆಮೇಲೆ ಬಾಯಿ. 2010ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ ಎಂ. ಗಣೇಶರ ನಿರ್ದೇಶನದಲ್ಲಿ ಅದನ್ನು ರಂಗಕ್ಕೇರಿಸಿ ಊರೂರಿಗೆ ಒಯ್ದಿತು. ಅಷ್ಟಕ್ಕೇ ನಿಲ್ಲದೆ ರೇವತಿ ‘ವೆಳ್ಳೈ ಮೊಳಿ’ಯಲ್ಲಿ ತಾವೇ ರಂಗದ ಮೇಲೆ ಬಂದರು, ತಮ್ಮ ಕಥೆಯನ್ನು ತಮ್ಮದೇ ಮೈಯಲ್ಲಿ ಆಡಿದರು. ನುರಿತ ನಟರು ಆಡಿದಾಗ ಪ್ರೇಕ್ಷಕ ಅಳುತ್ತಾನೆ, ಅತ್ತು ಹಗುರಾಗುತ್ತಾನೆ. ಅನುಭವಿಸಿದವರೇ ಎದುರು ನಿಂತಾಗ ಹಾಗೆ ಹಗುರಾಗಲು ಬರುವುದಿಲ್ಲ. ಎರಡೂ ಬೇಕು, ಎರಡನೆಯದು ಹೆಚ್ಚು ಬೇಕು ಎಂಬುದು ನನ್ನ ನಂಬಿಕೆ. ಆದರೆ ಅದನ್ನು ಯಾರಿಂದಲೂ ಕೇಳಿ ಪಡೆಯುವ ಹಾಗಿಲ್ಲ.

ಆರನೇ ಮಧ್ಯಾಹ್ನವೋ ಏಳನೆಯದೋ, ಕಿರಿಯವಳೇ ಕೇಳಿದಳು. “ಅಮ್ಮ, ಇದನ್ನ ನಾಟ್ಕ ಮಾಡೋಣ್ವಾ? ನಾನು ನೀನಾಗ್ತೀನಿ.” ಅವಳಿಗೆ ಇಪ್ಪತ್ತಮೂರು. ಪಿ.ಯು.ಸಿ. ಮುಗಿಸಿದ್ದಾಳೆ, ರಂಗಾಯಣದ ವನರಂಗದಲ್ಲಿ ಬಹುರೂಪಿ ನಾಟಕಗಳನ್ನು ಹಿಂದಿನ ಸಾಲಲ್ಲಿ ನಿಂತು ನೋಡಿದ್ದಾಳೆ. ಅವಳ ತಲೆಯಲ್ಲಿ ಒಂದು ದೃಶ್ಯ ಸಿದ್ಧವಿತ್ತು: ವಿರಾಟನ ಅರಮನೆ, ಉತ್ತರೆಗೆ ನಾಟ್ಯ ಕಲಿಸುವ ಬೃಹನ್ನಳೆ, ಆ ಬೃಹನ್ನಳೆಯೇ ಅಮ್ಮ. ನನಗೂ ಅದು ಸೊಗಸೆನಿಸಿತ್ತು. ಗಂಡೂ ಅಲ್ಲದ ಹೆಣ್ಣೂ ಅಲ್ಲದ ವೇಷ, ಪುರಾಣದ ಬೆಂಬಲ, ಜನ ಒಪ್ಪುತ್ತಾರೆ.

ಅಮ್ಮ ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿ ನಿಂತಿತು. ಆ ಮಾತು ಧ್ವನಿಮುದ್ರಣದಲ್ಲಿದೆ, ಹಿಂದೆ ರೈಲಿಲ್ಲ, ಮಳೆಯಿಲ್ಲ, ಶುದ್ಧವಾಗಿದೆ.

“ಊರೋರೆಲ್ಲ ನನ್ನ ಬೃಹನ್ನಳೆ ಬೃಹನ್ನಳೆ ಅಂತ ಆಡ್ಕಂಡ್ರು. ಬೃಹನ್ನಳೆ ಯಾರು? ಅರ್ಜುನ. ಒಂದ್ ವರ್ಸ ಸೀರೆ ಉಟ್ಕಂಡಿದ್ದು, ವರ್ಸ ಮುಗೀತಲೇ ಬಿಚ್ಚಿ ಬಿಸಾಕಿ ಬಿಲ್ಲು ತಗಂಡ. ಅವನ್ದು ಯಾಸ. ನಂದು ಯಾಸ ಅಲ್ಲ ಕನವ್ವ. ನಾ ಉತ್ತರೆ. ಕಲಿಯೋಕೆ ಕೂತ್ಕಂಡೋಳು.”

ವೇಷವನ್ನು ಅವರು ಯಾಸ ಎನ್ನುತ್ತಾರೆ. ಎಷ್ಟು ಸಲ ಕೇಳಿದರೂ ಆ ಜಾಗದಲ್ಲಿ ನನ್ನ ಮೈ ಜುಮ್ಮೆನ್ನುತ್ತದೆ. ಮಹಾಭಾರತವನ್ನು ಇಷ್ಟು ಕಾಲ ಕೇಳಿಕೊಂಡು ಬಂದ ನಾವೆಲ್ಲ ಬೃಹನ್ನಳೆಯನ್ನು ಇವರ ಕೈಗೆ ಕೊಟ್ಟು ಉಪಕಾರ ಮಾಡಿದೆವೆಂದುಕೊಂಡಿದ್ದೆವು. ಇವರಿಗೆ ಬೇಕಿದ್ದದ್ದು ಪಕ್ಕದಲ್ಲಿದ್ದ ಹುಡುಗಿಯ ಜಾಗ.

ನಾಟಕದ ರೂಪ ಅಲ್ಲಿಗೆ ಗೊತ್ತಾಯಿತು. ಕಿರಿಯವಳು ಅಮ್ಮನಾಗುವುದಿಲ್ಲ. ಅಮ್ಮ ಮಾತಾಡುವುದೂ ಇಲ್ಲ. “ಮಾತು ಒಂದ್ಸಲ ಆಡಿ ಆಗದ, ಅದೇ ಡಬ್ಬಿಲಿ ಅದಲ್ಲ. ಅದು ಆಡ್ಲಿ. ನಾ ಬಣ್ಣ ಹಚ್ಕತೀನಿ.”

ಮಾಘದ ಒಂದು ಸಂಜೆ. ಬನ್ನಿ, ಕಬ್ಬಿಣದ ಮೆಟ್ಟಿಲು ಹತ್ತಿ, ತಲೆ ಜೋಪಾನ, ತಂತಿಯ ಮೇಲೆ ಬಟ್ಟೆ ಒಣಗುತ್ತಿದೆ. ವಠಾರದ ಯಜಮಾನರು ತಾರಸಿ ಬಿಟ್ಟುಕೊಟ್ಟಿದ್ದಾರೆ, ಒಂಬತ್ತರೊಳಗೆ ಮುಗಿಸಬೇಕೆಂಬ ಷರತ್ತಿನ ಮೇಲೆ. ಜಮಖಾನೆಯ ಮೇಲೆ ಮೂವತ್ತು ಮೂವತ್ತೈದು ಜನ. ಒಂದು ಕಡೆ ಸಮುದಾಯದವರು. ಬರುವವರೆಲ್ಲ ಹಿರಿಯರಿಗೆ ಬಾಗಿ “ಪಾಂಪಡ್ತಿ” ಎನ್ನುತ್ತಾರೆ, ಹಿರಿಯರು “ಜಿಯೋ” ಎಂದು ಹರಸುತ್ತಾರೆ. ಇನ್ನೊಂದು ಕಡೆ ವಠಾರದವರು, ಮಫ್ಲರ್ ಸುತ್ತಿದ ನಿವೃತ್ತ ಮೇಷ್ಟ್ರು, ಮಕ್ಕಳು, ಮಡಿಲಲ್ಲಿ ಹೂ ಕಟ್ಟುತ್ತ ಕೂತ ಎದುರು ಮನೆಯ ಅಜ್ಜಿ. ಹಿಂದೆ ಗೋಡೆಗೊರಗಿ ಇಬ್ಬರು ಹುಡುಗರು, ಒಬ್ಬರನ್ನೊಬ್ಬರು ಮುಟ್ಟದಂತೆ ಜಾಗ ಬಿಟ್ಟು ನಿಂತಿದ್ದಾರೆ. ಅವರಲ್ಲೊಬ್ಬನ ಚೀಲದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಇಣುಕುತ್ತಿತ್ತು. ಎರಡು ಗುಂಪಿನ ನಡುವೆ ಜಮಖಾನೆಯಲ್ಲಿ ಒಂದು ಮೊಳ ಖಾಲಿ.

ಒಂದು ಬಲ್ಬು. ಒಂದು ಮಣೆ. ಮಣೆಯ ಮುಂದೆ ಕನ್ನಡಿ, ಕೊಬ್ಬರಿ ಎಣ್ಣೆ, ಬಿಳಿಯ ಸಫೇದ, ಕುಂಕುಮ, ಕಾಡಿಗೆ, ಚೌರಿ, ಮಲ್ಲಿಗೆ ದಂಡೆ. ಅಮ್ಮ ಬಂದು ಕೂತು ಜನರಿಗೆ ಬೆನ್ನು ಹಾಕುತ್ತಾರೆ. ನಮಗೆ ಕಾಣುವುದು ಅವರ ಬೆನ್ನು, ಕನ್ನಡಿಯೊಳಗಿನ ಮುಖ. ಕಿರಿಯವಳು ಸ್ಪೀಕರಿನ ಗುಂಡಿ ಒತ್ತುತ್ತಾಳೆ.

“ಕುರುಕ್ಷೇತ್ರ ಕಟ್ಟಿದ್ರು ನಮ್ಮೂರಲ್ಲಿ...”

ದನಿ ತಾರಸಿಯ ಮೇಲೆ ಹರಡುತ್ತದೆ. ಮಣೆಯ ಮೇಲಿನ ಬಾಯಿ ಮುಚ್ಚಿಯೇ ಇದೆ. ಬೆರಳು ಎಣ್ಣೆಗೆ ಅದ್ದಿ ಹಣೆಯಿಂದ ಕತ್ತಿನವರೆಗೆ ಸವರುತ್ತದೆ. ದನಿ ನಗುತ್ತದೆ, ಮುಖ ನಗುವುದಿಲ್ಲ. ದನಿ ಹೋಟೆಲಿನಲ್ಲಿ ಹಿಟ್ಟು ರುಬ್ಬಿದ ವರ್ಷಗಳನ್ನು ಹೇಳುತ್ತದೆ, ಬೆಂಗಳೂರಿನಲ್ಲಿ ಸಮುದಾಯದವರು ಕೂಡಿ ಬಾಳುವ ಸ್ನಾನದ ಮನೆ ಹಮಾಮಿನಲ್ಲಿ ಗುರು ಮೊದಲ ಸಲ ತಲೆ ಬಾಚಿದ್ದನ್ನು ಹೇಳುತ್ತದೆ. ಬಿಳಿ ಬಣ್ಣ ಕೆನ್ನೆಯ ಸುಕ್ಕುಗಳಿಗೆ ಇಳಿಯುತ್ತದೆ, ಒಂದೊಂದು ಗೆರೆಯನ್ನೂ ತುಂಬುತ್ತದೆ. ಹುಬ್ಬು ತಿದ್ದುವಾಗ ಕೈ ನಡುಗಿ ಕಾಡಿಗೆ ಹರಡಿತು. ಒರೆಸಿ ಮತ್ತೆ ತಿದ್ದಿದರು. ಹೂವಿನ ಅಜ್ಜಿಯ ಕೈ ನಿಂತಿದೆ. ನಿವೃತ್ತ ಮೇಷ್ಟ್ರು ಕನ್ನಡಕ ತೆಗೆದು ಹಾಕುತ್ತಿದ್ದಾರೆ.

ಸ್ಪೀಕರಿನೊಳಗೆ ಮಾತು ನಿಲ್ಲುತ್ತದೆ. ಆ ಹಳೆಯ ಮಧ್ಯಾಹ್ನದ ರೈಲು ಬರುತ್ತದೆ, ಹಾರ್ನ್ ಸಮೇತ. ಮಣೆಯ ಮೇಲಿನ ಕೈಯೂ ನಿಲ್ಲುತ್ತದೆ, ಕಾಡಿಗೆ ಕಡ್ಡಿ ಗಾಳಿಯಲ್ಲಿ. ಮೂವತ್ತೈದು ಜನ ರೈಲು ಹಾದುಹೋಗುವುದನ್ನು ಕಾಯುತ್ತಾರೆ. ಈ ಬೀದಿಯಲ್ಲಿ ಹುಟ್ಟಿ ಬೆಳೆದವರು ಆ ಸದ್ದನ್ನು ದಿನಕ್ಕೆಷ್ಟೋ ಸಲ ಕೇಳುತ್ತಾರೆ. ಅದರೊಳಗೆ ಕೂತು ಬಂದವರೊಬ್ಬರ ಕಡೆ ನೋಡುತ್ತ ಕೇಳಿದ್ದು ಆವತ್ತೇ ಇರಬೇಕು.

ನಲವತ್ತು ನಿಮಿಷಕ್ಕೆ ಧ್ವನಿ ಮುಗಿಯಿತು. ಚೌರಿ ಮುಡಿದು, ಮಲ್ಲಿಗೆ ಏರಿಸಿ, ಅಮ್ಮ ಮಣೆಯ ಮೇಲೇ ತಿರುಗಿ ಕೂತರು. ಅರವತ್ತು ದಾಟಿದ ಉತ್ತರೆ. ಸಮುದಾಯದವರ ಕಡೆಯಿಂದ ಚಪ್ಪಾಳೆ ಎದ್ದಿತು. ಬೆರಳು ಅಗಲಿಸಿ ಅಂಗೈಗೆ ಅಂಗೈ ಅಪ್ಪಳಿಸುವ ಆ ಚಪ್ಪಾಳೆ, ಬಸ್ಸಿನಲ್ಲಿ, ಸಿಗ್ನಲ್ಲಿನಲ್ಲಿ ಕೇಳಿ ನಾವು ಕಿಟಕಿ ಏರಿಸುವ ಚಪ್ಪಾಳೆ. ವಠಾರದವರು ಒಂದು ಕ್ಷಣ ತಡೆದು ತಮಗೆ ಬರುವ ರೀತಿಯಲ್ಲಿ ತಟ್ಟಿದರು.

ಆಗ ಹೂವಿನ ಅಜ್ಜಿ ಗಂಟಲು ಸರಿಮಾಡಿಕೊಂಡರು. ವರ್ಷಗಟ್ಟಲೆ ಒಂದೇ ನಲ್ಲಿಯಲ್ಲಿ ನೀರು ಹಿಡಿದು, ಮಾತಿಗೆ ಮಾತ್ರ ನಿಲ್ಲದವರು. “ಅಭಿಮನ್ಯು ಯುದ್ಧಕ್ಕೆ ಹೊರಟಾಗ ಉತ್ತರೆಗೊಂದು ಹಾಡಿರ್ತಿತ್ತಲ್ಲ, ನಮ್ಮಣ್ಣನ ಜೊತೆ ಹೋಗಿ ಕೇಳಿದ್ದೆ. ಅದು ನೆನಪಿದ್ಯೇನಮ್ಮಾ ನಿಮಗೆ?”

ಅವರು ಹಾಡಿದರು. ಗಂಟಲು ಒಡೆದು ನಲವತ್ತೈದು ವರ್ಷವಾದ ದನಿ, ಮೇಲಿನ ಸ್ವರಕ್ಕೆ ಏರಲಾಗದೆ ಕೆಳಗಿನಿಂದ ಸುತ್ತಿಕೊಂಡು ಬಂತು. ಎರಡನೇ ಚರಣ ಮರೆತುಹೋಗಿತ್ತು; ಅಜ್ಜಿಗೆ ಅದರ ಅರ್ಧ ನೆನಪಿತ್ತು. ರೆಕಾರ್ಡರ್ ಸ್ಪೀಕರಿಗೆ ಸಿಕ್ಕಿಸಿಯೇ ಇತ್ತು. ಅದನ್ನು ಬಿಚ್ಚಿ ಗುಂಡಿ ಒತ್ತುವಷ್ಟರಲ್ಲಿ ಹಾಡು ಮುಗಿದಿತ್ತು. ಆ ಹಾಡು ನನ್ನ ಹತ್ತಿರ ಇಲ್ಲ. ತಾರಸಿಯ ಮೇಲಿದ್ದವರ ಕಿವಿಯಲ್ಲಿದೆ. ಈಗಲೂ ಅದಕ್ಕಾಗಿ ಸಂಕಟಪಡುತ್ತೇನೆ, ಸುಳ್ಳು ಹೇಳುವುದಿಲ್ಲ.

ಜನ ಇಳಿದು ಹೋದ ಮೇಲೆ ಕೆಳಗಿನ ಕೋಣೆಯಲ್ಲಿ ಉಳಿದ ಕೆಲಸಕ್ಕೆ ಕೂತೆವು. ಹನ್ನೊಂದು ಕಡತಗಳು, ಎಲ್ಲಿಡುವುದು? ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ‘ಕಮ್ರಾ’ ಎಂಬ ಸಂಗ್ರಹಾಗಾರವಿದೆ. ಚಿತ್ರನಿರ್ದೇಶಕಿ ಟಿ. ಜಯಶ್ರೀ ವರ್ಷಗಟ್ಟಲೆ ಚಿತ್ರಿಸಿಟ್ಟ ಸಮುದಾಯದ ಮಾತು, ಮೆರವಣಿಗೆ, ಹೋರಾಟಗಳಿಂದ ಬೆಳೆದದ್ದು. ಅದರ ವಿಷಯ ಹೇಳಿದೆ. ಅಂಥ ಕಡೆಗಳಲ್ಲಿ ಕೊಟ್ಟವರು ಷರತ್ತು ಹಾಕಬಹುದು, ಯಾವುದನ್ನು ಯಾರು ಕೇಳಬಹುದು, ಎಷ್ಟು ವರ್ಷ ಮುಚ್ಚಿಡಬೇಕು ಎಂದು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಬಿಳಿ ಹೋಯಿತು, ಹುಬ್ಬು ಹೋಯಿತು. ಕಣ್ಣಿನ ಕಾಡಿಗೆಯನ್ನು ಮಾತ್ರ ಮುಟ್ಟಲಿಲ್ಲ.

“ಎಲ್ಲಾನೂ ಕೇಳ್ಲಿ. ಒಂಬತ್ತನೇದು ಮಾತ್ರ ಬ್ಯಾಡ.”

ಒಂಬತ್ತನೇ ಮಧ್ಯಾಹ್ನ ಅವರು ಊರು ಬಿಟ್ಟ ಕಾರಣ ಹೇಳಿದ್ದರು. ಅದರಲ್ಲಿ ಬದುಕಿರುವವರಿದ್ದಾರೆ. ನಾನು ಲಕೋಟೆ ತೆಗೆದು, ಸ್ಕೆಚ್ ಪೆನ್ನು ಹಿಡಿದು, ಎಷ್ಟು ವರ್ಷ ಅಂತ ಬರೆಯಲಿ ಎಂದೆ. ಹತ್ತು? ಇಪ್ಪತ್ತೈದು?

“ವರ್ಸ ಬರೀಬ್ಯಾಡ. ನಮ್ಮಣ್ಣನ ಮಗಳ ಮದ್ವೆ ಆದ್ಮೇಲೆ ತಗೀಬೋದು ಅಂತ ಬರಿ. ಅದ್ಕೂ ಮುಂಚೆ ತಗದ್ರೆ ಹುಡುಗ್ನ ಕಡೆಯೋರು ಬುಟ್ಬುಟ್ಟಾರು.”

“ಮದುವೆ ಯಾವಾಗ ಅಮ್ಮ?”

“ಇನ್ನೂ ಗಂಡು ನೋಡಿಲ್ಲ. ಓದ್ತಾ ಅವಳಂತೆ, ನರ್ಸಿಂಗು.” ಹತ್ತಿಯ ಉಂಡೆ ಮಡಿಲಿಗೆ ಹಾಕಿಕೊಂಡರು. “ನಾ ನೋಡಿಲ್ಲ ಅವಳ್ನ. ಮೂಗು ನಂದೇಯಂತೆ.”

ಲಕೋಟೆಯ ಮೇಲೆ ಅವರು ಹೇಳಿದ ಹಾಗೆಯೇ ಬರೆದೆ. ಅಕ್ಷರ ದೊಡ್ಡದಾಗಿರಲಿ ಎಂದರು, ದೊಡ್ಡದು ಮಾಡಿದೆ. ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಕಿರಿಯವಳ ಮುಖ ನೋಡಿದರು, ಆಮೇಲೆ ನನ್ನನ್ನು. ಅಷ್ಟರಲ್ಲಿ ನೆಲ ಸಣ್ಣಗೆ ನಡುಗಿತು. ಮೂವರೂ ಕಾದೆವು.